ಹೂಕಣಿವೆಗೆ ಹೊರಟಿರುವ ಬೆಳಗಾವಿಯವರಿಗೆ

ಉತ್ತರಾಖಂಡದ ಹೂಕಣಿವೆಗೆ (ವ್ಯಾಲಿ ಆಫ್ ಫ್ಲವರ್ಸ್) ಹೋಗುವವರು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದೊಳಗೆ ಹೋಗಿ. ಹೂವು ತುಂಬಿರುವುದು ಆಗಲೇ. ಮಳೆಯೂ ಆಗಲೇ, ರೇನ್‌ಕೋಟ್ ಮರೆಯಬೇಡಿ. ಕಣಿವೆಯ ತುದಿಯಲ್ಲಿ ಟಿಪ್ರಾ ಹಿಮನದಿ, ಅದರಿಂದ ಇಳಿದು ಬರುವ ಪುಷ್ಪಾವತಿ ನದಿ! ಮೋಡ ಸರಿದ ಆ ಐದು ನಿಮಿಷಕ್ಕಾಗಿಯೇ ನಾನು ಮತ್ತೊಮ್ಮೆ ಹೋಗುತ್ತೇನೆ.

ನಮ್ಮ ಊರು ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ, ಕಣಿವೆಗೆ ಹೋಗುವವರು ತಂಗುವ ಹಳ್ಳಿ ಘಾಂಗರಿಯಾ 3,000 ಮೀಟರಿಗಿಂತ ಮೇಲೆ. ಆದ್ದರಿಂದ ಅಲ್ಲಿ ಒಂದು ರಾತ್ರಿ ಕಳೆದು, ಮೊದಲು ಕಣಿವೆ ನೋಡಿ. ಕಡಿದಾದ ದಾರಿಯ ಹೇಮಕುಂಡ ಸರೋವರ ಮರುದಿನಕ್ಕಿರಲಿ. ತಲೆನೋವಿನ ಜೊತೆ ವಾಂತಿಯಾದರೆ ಹಟ ಮಾಡದೆ ಕೆಳಗಿಳಿಯಿರಿ.

ಎರಡು ತಿಂಗಳು ಮೊದಲೇ ಯಳ್ಳೂರು ಗಡ ಹತ್ತಿ ಇಳಿಯಿರಿ, ಬೆನ್ನಿಗೆ ಐದು ಕೆಜಿ ಭಾರವಿರಲಿ. ಇಳಿಯುವಾಗಲೇ ಮೊಣಕಾಲು ನೋಯುವುದು, ಊರುಗೋಲು ಒಯ್ಯಿರಿ.