ಓವರ್‌ಕ್ಲಾಕ್ ಮಾಡುವುದು ಹೇಗೆ? ವಿಂಡೋಸ್ ತೆರೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ

ನನ್ನ ಅಕ್ಕನ ಮಗ ಮದುವೆ ವಿಡಿಯೊಗಳ ಸಂಕಲನ ಮಾಡುತ್ತಾನೆ. ಒಂದು ರಾತ್ರಿ ಬಯೋಸ್ (ಮದರ್‌ಬೋರ್ಡ್‌ನ ಮೂಲ ಸೆಟಿಂಗ್‌ಗಳ ಪರದೆ) ಹೊಕ್ಕು ಪ್ರೊಸೆಸರ್ ವೇಗವನ್ನು 5 ಗಿಗಾಹರ್ಟ್ಸ್‌ಗೆ ಏರಿಸಿದ. ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಚಿಪ್ ಓಡಿಸುವ ಇದಕ್ಕೇ ಓವರ್‌ಕ್ಲಾಕ್ ಎನ್ನುತ್ತಾರೆ. ವಿಂಡೋಸ್ ತೆರೆದುಕೊಂಡಿತು. ಪರದೆಯ ಫೋಟೊ ತೆಗೆದು ಮನೆಮಂದಿಗೆಲ್ಲ ಕಳಿಸಿದ. ಮರುದಿನ ಯಾರದೋ ಧಾರೆಯ ವಿಡಿಯೊ ರೆಂಡರ್‌ಗೆ ಹಾಕಿದರೆ, ಮುಕ್ಕಾಲು ಪಾಲು ಆಗುವಷ್ಟರಲ್ಲಿ ಪ್ರತಿಸಲವೂ ವಿಂಡೋಸ್ ಕುಸಿದು ನೀಲಿ ಪರದೆ. ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದ, ರ್‍ಯಾಮ್ ಕಿತ್ತು ಒರೆಸಿದ. ಹಿಂದಿನ ರಾತ್ರಿ ವೇಗ ಏರಿಸಿದ್ದು ಮಾತ್ರ ನೆನಪಾಗಲಿಲ್ಲ. ಇಂಥವರನ್ನು ಬೇಕಾದಷ್ಟು ಕಂಡಿದ್ದೇನೆ. ಏರಿಸುವುದು ಐದು ನಿಮಿಷದ ಕೆಲಸ. ಏರಿಸಿದ್ದು ನಿಲ್ಲುತ್ತದೆಯೇ ಎಂದು ಖಾತರಿ ಮಾಡಿಕೊಳ್ಳುವುದಕ್ಕೆ ಎರಡು ದಿನ ಬೇಕು.

ಅವನ ಯಂತ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 2018ರಲ್ಲಿ ಬಂದ ಇಂಟೆಲ್ ಕೋರ್ ಐ5-9600ಕೆ, ಆರು ಕೋರ್. ಮೂಲ ವೇಗ 3.7 ಗಿಗಾಹರ್ಟ್ಸ್; ಆರೂ ಕೋರ್ ಒಟ್ಟಿಗೆ ದುಡಿಯುವಾಗ ತಾನಾಗಿಯೇ 4.3ಕ್ಕೆ ಏರುತ್ತದೆ. ಹೆಸರಿನ ಕೊನೆಯ ‘ಕೆ’ ಅಕ್ಷರ ಇದ್ದರೆ ಮಲ್ಟಿಪ್ಲಯರ್‌ಗೆ (ವೇಗ ನಿರ್ಧರಿಸುವ ಗುಣಕಕ್ಕೆ) ಬೀಗವಿಲ್ಲ ಎಂದರ್ಥ. ಮದರ್‌ಬೋರ್ಡ್ ಕೂಡ ಝಡ್370 ಅಥವಾ ಝಡ್390 ಆಗಿರಬೇಕು. ಎಎಂಡಿ ರೈಜೆನ್‌ಗಳಲ್ಲಿ ಹೆಚ್ಚಿನವಕ್ಕೆ ಬೀಗವಿಲ್ಲ, ಆದರೆ ಎ320, ಎ520 ಬೋರ್ಡ್‌ಗಳಲ್ಲಿ ಈ ಆಟ ನಡೆಯುವುದಿಲ್ಲ.

ಮೊದಲು ಕೂಲರ್. ಈ ಚಿಪ್‌ನ ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ, ಪ್ರತ್ಯೇಕ ಕೊಳ್ಳಬೇಕು. ಅಗ್ಗದ ಲಿಕ್ವಿಡ್ ಕೂಲರ್‌ಗಿಂತ ದೊಡ್ಡ ಫ್ಯಾನಿನ ಟವರ್ ಕೂಲರ್ ಮೇಲು ಎಂಬುದು ನನ್ನ ಹಟ: ಫ್ಯಾನ್ ನಿಂತರೆ ಕಣ್ಣಿಗೆ ಕಾಣುತ್ತದೆ, ಪಂಪ್ ನಿಂತರೆ ಕಾಣುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಚಿಪ್ ಮತ್ತು ಕೂಲರ್ ನಡುವೆ ಹಚ್ಚುವ ಒಳ್ಳೆಯ ಥರ್ಮಲ್ ಪೇಸ್ಟೂ ಸಿಗುತ್ತದೆ, ಹೆಸರೇ ಇಲ್ಲದ ಬಿಳಿ ಪೇಸ್ಟೂ ಸಿಗುತ್ತದೆ. ಎರಡನೆಯದನ್ನು ಮುಟ್ಟಬೇಡಿ. ಬಟಾಣಿ ಕಾಳಿನಷ್ಟು ಹಚ್ಚಿದರೆ ಸಾಕು, ದೋಸೆಗೆ ಬೆಣ್ಣೆ ಸವರಿದಂತೆ ಸವರುವುದು ಬೇಡ.

ನಂತರ ಬಯೋಸ್. ಬಸ್ ವೇಗ, ಅಂದರೆ ಬೋರ್ಡಿನ ಮೂಲ ತಾಳ, 100 ಮೆಗಾಹರ್ಟ್ಸ್. ಅದನ್ನು 43ರಿಂದ ಗುಣಿಸಿದರೆ 4.3 ಗಿಗಾಹರ್ಟ್ಸ್. ಬದಲಾಯಿಸಬೇಕಾದದ್ದು ಈ 43 ಎಂಬ ಅಂಕಿಯನ್ನು ಮಾತ್ರ. 1998ರ ಸೆಲೆರಾನ್ 300ಎ ಕಾಲದಲ್ಲಿ ಬಸ್ಸನ್ನೇ 66ರಿಂದ 100ಕ್ಕೆ ಏರಿಸಿ, 300 ಮೆಗಾಹರ್ಟ್ಸ್ ಚಿಪ್‌ನಿಂದ 450 ತೆಗೆಯುತ್ತಿದ್ದರು. ಈಗ ಬಸ್ಸಿನ ತಂಟೆಗೆ ಹೋಗಬೇಡಿ. ಬೋರ್ಡ್ ಕಂಪನಿಗಳು ಕೊಡುವ ‘ಒಂದೇ ಗುಂಡಿ’ಯ ಓವರ್‌ಕ್ಲಾಕ್ ಕೂಡ ಬೇಡ, ಎಲ್ಲ ಚಿಪ್‌ಗಳೂ ಓಡಲಿ ಎಂದು ಅದು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಸುರಿಯುತ್ತದೆ. ರ್‍ಯಾಮ್‌ನ ಎಕ್ಸ್‌ಎಂಪಿಯನ್ನು (ರ್‍ಯಾಮ್ ವೇಗ ಏರಿಸುವ ಸಿದ್ಧ ಸೆಟಿಂಗ್) ಸದ್ಯಕ್ಕೆ ಆಫ್ ಮಾಡಿಡಿ. ಇಲ್ಲದಿದ್ದರೆ ತಪ್ಪು ರ್‍ಯಾಮ್‌ನದೋ ಪ್ರೊಸೆಸರ್‌ನದೋ ತಿಳಿಯದೆ ಒದ್ದಾಡುತ್ತೀರಿ.

ಕೋರ್ ವೋಲ್ಟೇಜನ್ನು ಮ್ಯಾನುಯಲ್‌ಗೆ ತಂದು 1.25 ಕೊಡಿ, ಮಲ್ಟಿಪ್ಲಯರ್ 46. ಇಲ್ಲಿಂದಲೇ ಕಷ್ಟದ ಭಾಗ.

ಬಯೋಸ್‌ನಲ್ಲಿ 1.25 ಎಂದು ಬರೆದ ಮಾತ್ರಕ್ಕೆ ಚಿಪ್‌ಗೆ 1.25 ಸಿಗುವುದಿಲ್ಲ. ಭಾರ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆ. ಊರಿನ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಚಾಲೂ ಆದಾಗ ಮನೆಯ ಬಲ್ಬ್ ಮಂಕಾಗುತ್ತದಲ್ಲ, ಹಾಗೆ. ಇದನ್ನು ತಡೆಯಲು ಲೋಡ್‌ಲೈನ್ ಕ್ಯಾಲಿಬ್ರೇಶನ್ ಎಂಬ ಆಯ್ಕೆ ಇದೆ. ಅದನ್ನು ತುತ್ತತುದಿಗೆ ಏರಿಸುವುದು ಎಲ್ಲರೂ ಮಾಡುವ ತಪ್ಪು: ಭಾರ ಇಳಿದ ಕ್ಷಣದಲ್ಲಿ ವೋಲ್ಟೇಜ್ ನೀವು ಕೊಟ್ಟದ್ದಕ್ಕಿಂತ ಮೇಲಕ್ಕೆ ಚಿಮ್ಮುತ್ತದೆ. ನಡುವಿನ ಹಂತ ಇಡಿ. ಕೆಲವು ಬೋರ್ಡ್‌ಗಳಲ್ಲಿ 1 ಎಂದರೆ ಅತಿ ಬಿಗಿ, ಕೆಲವದರಲ್ಲಿ ದೊಡ್ಡ ಅಂಕಿಯೇ ಬಿಗಿ. ಕೈಪಿಡಿ ಓದದೆ ಅಂದಾಜಿನಲ್ಲಿ ಇಡಬೇಡಿ.

ಈಗ ವಿಂಡೋಸ್‌ನಲ್ಲಿ ಒಂದು ಕಡೆ ತಾಪಮಾನ, ವೋಲ್ಟೇಜ್ ತೋರಿಸುವ ಎಚ್‌ಡಬ್ಲ್ಯುಇನ್ಫೋ, ಇನ್ನೊಂದು ಕಡೆ ಚಿಪ್ ಮೇಲೆ ಪೂರ್ತಿ ಭಾರ ಹೇರುವ ಪ್ರೈಮ್95 ತೆರೆದಿಡಿ. ಮೊದಲ ಹದಿನೈದು ನಿಮಿಷ ಎದ್ದು ಹೋಗಬೇಡಿ, ತಾಪಮಾನ ನೋಡುತ್ತಿರಿ. 100 ಡಿಗ್ರಿ ಮುಟ್ಟಿದರೆ ಚಿಪ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ನಾನು 85ಕ್ಕೇ ಗೆರೆ ಎಳೆಯುತ್ತೇನೆ. ಜನವರಿಯ ರಾತ್ರಿ ಪರೀಕ್ಷೆ ಮಾಡಿ ಖುಷಿಪಟ್ಟವರು ಏಪ್ರಿಲ್ ಮಧ್ಯಾಹ್ನ ಅಳುತ್ತಾರೆ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ.

ಸೋಲು ಯಾವಾಗಲೂ ನೀಲಿ ಪರದೆಯಾಗಿಯೇ ಬರುವುದಿಲ್ಲ. ಪ್ರೈಮ್95ರ ಆರು ವರ್ಕರ್‌ಗಳಲ್ಲಿ (ಕೋರ್‌ಗೊಂದರಂತೆ ಓಡುವ ಲೆಕ್ಕಗಳಲ್ಲಿ) ಒಂದು ‘ರೌಂಡಿಂಗ್’ ದೋಷ ತೋರಿಸಿ ಸದ್ದಿಲ್ಲದೆ ನಿಲ್ಲುತ್ತದೆ, ಉಳಿದ ಐದು ಓಡುತ್ತಿರುತ್ತವೆ. ಊಟ ಮಾಡಿ ಬಂದವರಿಗೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಟಾಸ್ಕ್ ಮ್ಯಾನೇಜರ್ ನೋಡಿ: 100 ಇರಬೇಕಾದ ಬಳಕೆ 83ರ ಆಸುಪಾಸಿಗೆ ಇಳಿದಿದ್ದರೆ ಒಬ್ಬ ಕೆಲಸಗಾರ ಮಲಗಿದ್ದಾನೆ. ಎಚ್‌ಡಬ್ಲ್ಯುಇನ್ಫೋ ಪಟ್ಟಿಯ ಕೆಳಗೆ ‘ವಿಂಡೋಸ್ ಹಾರ್ಡ್‌ವೇರ್ ಎರರ್ಸ್’ ಎಂಬ ಸಾಲಿದೆ. ಅಲ್ಲಿ ಸೊನ್ನೆ ಬಿಟ್ಟು ಒಂದೇ ಒಂದು ಬಂದರೂ ನಪಾಸು. ಕಂಪ್ಯೂಟರ್ ನಿಲ್ಲದೆ ಓಡುತ್ತಿದ್ದರೂ ಬರೆಯುತ್ತಿರುವ ಕಡತಗಳು ಕೆಡುತ್ತಿರಬಹುದು. ಅದು ಗೊತ್ತಾಗುವುದು ತಿಂಗಳ ಮೇಲೆ, ಜಿಪ್ ಫೈಲ್ ಬಿಚ್ಚಲು ಹೋದಾಗ.

ಸೋತರೆ ವೋಲ್ಟೇಜ್ 0.01 ಏರಿಸಿ, ಗೆದ್ದರೆ ಮಲ್ಟಿಪ್ಲಯರ್ ಒಂದು ಏರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಬಿಸಿ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರುತ್ತದೆ: 1.25ರಿಂದ 1.35ಕ್ಕೆ ಹೋದರೆ ವೇಗ ಅಷ್ಟೇ ಇದ್ದರೂ ಶೇ 17ರಷ್ಟು ಹೆಚ್ಚು ವಿದ್ಯುತ್ ಉರಿಯುತ್ತದೆ. ಕೊನೆಯ 100 ಮೆಗಾಹರ್ಟ್ಸ್‌ಗಾಗಿ 0.06 ಕೇಳುತ್ತಿದೆಯೆಂದರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಅತಿ ವೋಲ್ಟೇಜ್ ಚಿಪ್ಪನ್ನು ನಿಧಾನವಾಗಿ ತಿನ್ನುತ್ತದೆ. ಇಂಟೆಲ್‌ನ 13, 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಓವರ್‌ಕ್ಲಾಕ್ ಮಾಡದವರಿಗೂ ಈ ಪಾಡು ಬಂದು, 2024ರಲ್ಲಿ ಕಂಪನಿ ಚಿಪ್‌ನೊಳಗಿನ ತಂತ್ರಾಂಶವಾದ ಮೈಕ್ರೊಕೋಡ್ ತಿದ್ದಿ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಬೇಕಾಯಿತು.

ಅಕ್ಕನ ಮಗನ ಚಿಪ್ ಕೊನೆಗೆ ನಿಂತದ್ದು 4.8ರಲ್ಲಿ, 1.29 ವೋಲ್ಟ್‌ಗೆ. ಇಡೀ ರಾತ್ರಿ ಪ್ರೈಮ್95, ಮರುದಿನ ಅದೇ ಧಾರೆಯ ವಿಡಿಯೊ ಎರಡು ಬಾರಿ ರೆಂಡರ್. ಆಮೇಲಷ್ಟೇ ಎಕ್ಸ್‌ಎಂಪಿ ಹಚ್ಚಿ ಮತ್ತೊಂದು ರಾತ್ರಿ.

ಪರದೆಯೇ ಬಾರದಿದ್ದರೆ ಗಾಬರಿ ಬೇಡ. ಪ್ಲಗ್ ಕಿತ್ತು, ಮದರ್‌ಬೋರ್ಡ್‌ನ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟರೆ ಎಲ್ಲ ಮೊದಲಿನಂತಾಗುತ್ತದೆ. ಗೆದ್ದ ಅಂಕಿಗಳನ್ನು ಬಯೋಸ್‌ನ ಪ್ರೊಫೈಲಿನಲ್ಲಿ ಉಳಿಸಬಹುದು, ಆದರೆ ಬಯೋಸ್ ಅಪ್‌ಡೇಟ್ ಮಾಡಿದಾಗ ಅವು ಅಳಿಸಿಹೋಗುವುದುಂಟು. ನಾನು ಚೀಟಿಯಲ್ಲಿ ಬರೆದು ಕ್ಯಾಬಿನೆಟ್‌ನ ಪಕ್ಕದ ಬಾಗಿಲಿನ ಒಳಮೈಗೆ ಅಂಟಿಸಿಟ್ಟಿದ್ದೇನೆ.