ಹಳೆಯ ಔಟ್‌ಬೋರ್ಡ್ ಎಂಜಿನ್ ಸ್ವಲ್ಪ ಹೊತ್ತು ಓಡಿ ನಿಂತುಬಿಟ್ಟರೆ
ನಾಡದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಹಳೆಯ ಟೂ ಸ್ಟ್ರೋಕ್ ಎಂಜಿನ್ ಸುಲಭವಾಗಿ ಚಾಲೂ ಆಗಿ ಕೆಲವೇ ನಿಮಿಷಗಳಲ್ಲಿ ನಿಲ್ಲುತ್ತಿದ್ದರೆ, ಕಾರ್ಬ್ಯುರೇಟರ್ ಬಿಚ್ಚುವ ಮೊದಲು ಟ್ಯಾಂಕಿನ ಮುಚ್ಚಳದ ಮೇಲಿರುವ ಗಾಳಿಯ ತಿರುಪು ತೆರೆದಿದೆಯೇ ಎಂದು ನೋಡಿರಿ. ಅದು ಮುಚ್ಚಿದ್ದರೆ ಇಂಧನ ಇಳಿದಂತೆಲ್ಲ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಹರಿವು ನಿಂತುಹೋಗುತ್ತದೆ. ಟ್ಯಾಂಕಿನಿಂದ ಎಂಜಿನ್‌ಗೆ ಹೋಗುವ ಪೈಪಿನ ನಡುವಿನ, ಕೈಯಿಂದ ಒತ್ತಿ ಇಂಧನ ತಳ್ಳುವ ರಬ್ಬರ್ ಬಲ್ಬ್ ಚಪ್ಪಟೆಯಾಗಿ ಒಳಕ್ಕೆ ಕುಸಿದಿರುವುದೇ ಇದರ ಗುರುತು. (ಟ್ಯಾಂಕಿನೊಳಗಿನ ಜಾಲರಿ ಕಟ್ಟಿಕೊಂಡಿದ್ದರೂ ಹೀಗೆಯೇ ಆಗುತ್ತದೆ.)

ತಿರುಪು ಸರಿಯಿದ್ದರೆ, ಎಂಜಿನ್ ನಿಲ್ಲಲು ಹೊರಟಾಗ ಬಲ್ಬನ್ನು ಕೈಯಿಂದ ಒತ್ತುತ್ತಿರಿ. ಆಗ ಅದು ಮತ್ತೆ ವೇಗ ಹಿಡಿದರೆ, ದೋಷವು ಬಹುಮಟ್ಟಿಗೆ ಇಂಧನ ಪಂಪಿನ ಡಯಾಫ್ರಮ್‌ನಲ್ಲಿ (ಇಂಧನವನ್ನು ತಳ್ಳುವ ತೆಳು ಪೊರೆ) ಅಥವಾ ಗಾಳಿ ಎಳೆಯುತ್ತಿರುವ ಪೈಪಿನ ಜೋಡಣೆಯಲ್ಲಿರುತ್ತದೆ. ಒತ್ತಿದರೂ ಪ್ರಯೋಜನವಾಗದಿದ್ದರೆ ಮಾತ್ರ ಕಾರ್ಬ್ಯುರೇಟರ್‌ನ ಜೆಟ್‌ನಲ್ಲಿ (ಇಂಧನ ಹಾಯುವ ಸಣ್ಣ ರಂಧ್ರ) ಕಟ್ಟಿದ ಕೊಳೆಯನ್ನೂ, ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ, ಬಿಸಿಯಾದಾಗ ಕೈಕೊಡುವ ಇಗ್ನಿಷನ್ ಕಾಯಿಲನ್ನೂ ಪರೀಕ್ಷಿಸಿರಿ. ಕಂಡದ್ದಕ್ಕೆಲ್ಲ ಸ್ಪಾರ್ಕ್ ಪ್ಲಗ್ ಬದಲಿಸುವುದು, ನನ್ನ ಅಭಿಪ್ರಾಯದಲ್ಲಿ, ವ್ಯರ್ಥ ಖರ್ಚು.