ಬ್ಲೇಜರ್ ಒಗೆಯಬೇಡಿ, ಬ್ಯಾಟಿನ ಕೆಂಪು ಗುರುತು ಒರೆಸಬೇಡಿ

ಮನೆಯ ಅಟ್ಟದಲ್ಲಿ ಎಪ್ಪತ್ತರ ದಶಕದ ಕ್ರಿಕೆಟ್ ಆಟಗಾರ್ತಿಯೊಬ್ಬರ ಸೂಟ್‌ಕೇಸ್ ಸಿಕ್ಕಿತೇ? ಅದರೊಳಗಿನ ಬ್ಲೇಜರನ್ನು ಡ್ರೈಕ್ಲೀನಿಂಗ್‌ಗೆ ಕಳಿಸುವ ಉತ್ಸಾಹವನ್ನು ದಯವಿಟ್ಟು ತಡೆದುಕೊಳ್ಳಿ. ನನ್ನ ಸೋದರತ್ತೆ ರಾಜ್ಯ ತಂಡಕ್ಕೆ ಆಡಿದವರು. ಅವರ ಮತ್ತು ಅವರ ಗೆಳತಿಯರ ವಸ್ತುಗಳನ್ನು ಒಪ್ಪವಾಗಿ ಇಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೀಗಾಗಿ ಈ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು.

ಶಾಂತಾ ರಂಗಸ್ವಾಮಿಯವರನ್ನೇ ನೋಡಿ. 1976ರಲ್ಲಿ ಬೆಂಗಳೂರಿನಲ್ಲಿ ಭಾರತದ ಮಹಿಳೆಯರು ಆಡಿದ ಮೊದಲ ಟೆಸ್ಟಿಗೆ ಅವರೇ ನಾಯಕಿ. 1977ರ ಜನವರಿಯಲ್ಲಿ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 108 ರನ್ ಹೊಡೆದು, ಟೆಸ್ಟ್ ಶತಕ ಬಾರಿಸಿದ ಮೊದಲ ಭಾರತೀಯ ಮಹಿಳೆಯಾದರು. ಬೆಂಗಳೂರಿಗೆ ಆಗಿನ್ನೂ ದೂರದರ್ಶನವೇ ಬಂದಿರಲಿಲ್ಲ. ದೇಶದೊಳಗೆ ಕಾಯ್ದಿರಿಸದ ರೈಲುಬೋಗಿಯಲ್ಲಿ ಓಡಾಡಿ ಡಾರ್ಮಿಟರಿಯಲ್ಲಿ ಮಲಗುತ್ತಿದ್ದ ಆ ತಲೆಮಾರಿನ ವಿದೇಶ ಪ್ರವಾಸಗಳಿಗೆ ವಿಡಿಯೊ ಸಾಕ್ಷಿ ಹುಡುಕುವುದು ದಂಡ. ಇರುವ ಸಾಕ್ಷಿಯೆಲ್ಲ ಇಂಥ ಪೆಟ್ಟಿಗೆಗಳಲ್ಲೇ.

ಏನನ್ನೂ ಕದಲಿಸುವ ಮೊದಲು, ಇದ್ದದ್ದು ಇದ್ದ ಹಾಗೆಯೇ ಫೋಟೊ ತೆಗೆಯಿರಿ. ಬ್ಲೇಜರಿನ ಜೇಬಿನಲ್ಲಿ ಊಟದ ಕೂಪನ್ನೋ ಬೋರ್ಡಿಂಗ್ ಕಾರ್ಡೋ ಇದ್ದರೆ ಅದು ಯಾವ ಜೇಬು ಎಂದೂ ಬರೆದಿಡಿ.

ಉಣ್ಣೆಗೆ ಶತ್ರು ನುಸಿ. ನುಸಿಗುಳಿಗೆ ಸುರಿಯುವುದು ನಮ್ಮ ಹಳೆಯ ಚಾಳಿ. ಅದರ ಹೊಗೆ ಮನುಷ್ಯರಿಗೂ ಕೆಟ್ಟದ್ದು, ಪ್ಲಾಸ್ಟಿಕ್ ಗುಂಡಿಗಳಿಗೂ ಕೆಟ್ಟದ್ದು. ಅದರ ಬದಲು, ಪಿನ್ ಚುಚ್ಚಿದ ಲೋಹದ ಬ್ಯಾಡ್ಜ್‌ಗಳನ್ನು ಬಿಚ್ಚಿ ಬೇರೆ ಇಟ್ಟು, ಬ್ಲೇಜರನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೊರಹಾಕಿ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಕೂಡಲೇ ಚೀಲ ಬಿಚ್ಚಬೇಡಿ. ಒಂದು ದಿನ ಬಿಟ್ಟು ಬಿಚ್ಚಿದರೆ ಬಟ್ಟೆಗೆ ನೀರಿನ ಪಸೆ ತಗಲುವುದಿಲ್ಲ. ಆಮೇಲೆ ಗಂಜಿ ಹಾಕದ, ಒಗೆದು ಒಣಗಿಸಿದ ಮಲ್ ಬಟ್ಟೆಯಲ್ಲಿ ಸುತ್ತಿ, ಮಡಿಕೆಗಳೊಳಗೂ ಅದೇ ಬಟ್ಟೆಯ ಸುರುಳಿ ಇಟ್ಟು ಮಲಗಿಸಿ. ತಂತಿಯ ಹ್ಯಾಂಗರ್ ಮಾತ್ರ ಬೇಡವೇ ಬೇಡ, ಅದು ಭುಜವನ್ನು ಕೆಡಿಸುತ್ತದೆ.

ಬ್ಯಾಟಿಗೆ ಹೊಸದಾಗಿ ಅಗಸೆ ಎಣ್ಣೆಯನ್ನೂ ಹಚ್ಚಬೇಡಿ, ವಾರ್ನಿಷ್ ಅನ್ನೂ ಬಳಿಯಬೇಡಿ. ಹಸ್ತಾಕ್ಷರಗಳು ಕದಡಿಹೋಗುತ್ತವೆ. ಚೆಂಡಿನ ಕೆಂಪು ಗುರುತುಗಳಂತೂ ಆ ಬ್ಯಾಟಿನ ದಿನಚರಿ. ಅವುಗಳನ್ನು ತಿಕ್ಕಿ ಹೊಳಪಿಸಿದವರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಪತ್ರಿಕೆಯ ತುಣುಕುಗಳಿಗೆ ಸೆಲ್ಲೋಟೇಪ್, ಲ್ಯಾಮಿನೇಷನ್ ಎರಡೂ ಕೂಡದು. ಸ್ಕ್ಯಾನ್ ಮಾಡಿ, ಆಮ್ಲರಹಿತ ಕಾಗದದ ನಡುವೆ ಇಡಿ. ಫೋಟೊಗಳ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಊರು, ವರ್ಷ, ಎಡದಿಂದ ಬಲಕ್ಕೆ ಹೆಸರುಗಳನ್ನು ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಮುಂಬದಿಗೆ ಗೀರು ಮೂಡುತ್ತದೆ. ಬಣ್ಣದ ಫೋಟೊಗಳನ್ನು ಗೋಡೆಗೆ ಹಾಕಲೇಬೇಕಾದರೆ ಪ್ರತಿ ಮಾಡಿಸಿ ಅದನ್ನು ಹಾಕಿ.

ಆಟಗಾರ್ತಿ ನಮ್ಮ ನಡುವೆ ಇದ್ದರೆ ಒಂದೊಂದೇ ವಸ್ತುವನ್ನು ಅವರ ಕೈಗೆ ಕೊಟ್ಟು, ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. “ಅನುಭವ ಹೇಗಿತ್ತು ಅತ್ತೆ?” ಎಂದರೆ “ಚೆನ್ನಾಗಿತ್ತು” ಎಂಬಲ್ಲಿಗೆ ಮಾತು ಮುಗಿಯುತ್ತದೆ. ಈ ಬ್ಲೇಜರ್ ಹೊಲಿದವರು ಯಾರು, ದುಡ್ಡು ಯಾರು ಕೊಟ್ಟರು, ಅಲ್ಲಿ ಊಟಕ್ಕೆ ಏನು ಮಾಡಿದಿರಿ ಎಂದು ಕೇಳಿ. ಆ ಧ್ವನಿಯ ಒಂದು ಪ್ರತಿ ನಿಮ್ಮಲ್ಲಿರಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿರಲಿ.